ಜಂತೆಗೆ ತೂಗಿದ ಶೀಶೆಗಳು

ಅಪ್ಪನ ಎಡಗೈಗೆ ಒಂಬತ್ತು ಹೊಲಿಗೆ ಬಿದ್ದ ದಿನ ನನ್ನ ತಮ್ಮ ಡೇಲ್ ಅವನನ್ನು ಆಸ್ಪತ್ರೆಯಿಂದ ನೇರವಾಗಿ ನಮ್ಮನೆಗೆ ಕರೆತಂದು, ಕೋಟು ಕೂಡ ಬಿಚ್ಚದೆ ನೆಲಮಾಳಿಗೆಯ ಮೆಟ್ಟಿಲಿಳಿದು ದೀಪ ಹಾಕಿದ. ನಾನು ಹಿಂದೆಯೇ ಇಳಿದೆ. ಇಬ್ಬರೂ ಕೊನೆಯ ಮೆಟ್ಟಿಲ ಮೇಲೆಯೇ ನಿಂತೆವು. ಅದರಾಚೆ ಕಾಲಿಡಬೇಕಾದರೆ ಜಾಗ ಹುಡುಕಬೇಕಿತ್ತು.

"ನೋಡಕ್ಕ," ಎಂದ. "ಇದು ಮರಗೆಲಸದ ಕೋಣೇನಾ, ಇಲ್ಲಾ ಬಿರುಗಾಳಿ ಹೊಕ್ಕು ಹೋದ ಜಾಗಾನಾ?"

ನಮ್ಮ ನೆಲಮಾಳಿಗೆ ದೊಡ್ಡದಲ್ಲ. ಮೆಟ್ಟಿಲಿನ ಎಡಕ್ಕೆ ಬಟ್ಟೆ ಒಗೆಯುವ ಯಂತ್ರ ಮತ್ತು ಮನೆ ಕಾಯಿಸುವ ಫರ್ನೇಸು. ಬಲಕ್ಕೆ ಅಪ್ಪನದು: ಹನ್ನೆರಡು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ, ಸೂರಿನ ಹತ್ತಿರ ಹುಲ್ಲುಮಟ್ಟಕ್ಕೆ ತೆರೆದುಕೊಳ್ಳುವ ಒಂದು ಸಣ್ಣ ಕಿಟಕಿ. ಗರಗಸಗಳಲ್ಲಿ ಒಂದು ಹಿತ್ತಲಿಗೆ ತೆರೆಯುವ ಬಾಗಿಲ ಹಿಂದೆ, ಇನ್ನೊಂದು ಮೇಜಿನ ಕಾಲಿಗೆ. ಉಳಿಗಳೆಲ್ಲ ಅಪ್ಪ ಗಣಿಯಲ್ಲಿದ್ದಾಗ ಹಾಕುತ್ತಿದ್ದ ಒಂದು ರಬ್ಬರ್ ಬೂಟಿನೊಳಗೆ. ಕೊಡತಿ ಎಲ್ಲೋ, ಹತ್ತರಿ ಎಲ್ಲೋ. ಮೇಜಿನ ಅಂಚಿಗೆ ಅಲ್ಲೊಂದು ಇಲ್ಲೆರಡು ಎಂದು ಹೊಡೆದುಬಿಟ್ಟ ಮೊಳೆಗಳು, ಯಾವುದಕ್ಕೂ ಏನನ್ನೂ ನೇತುಹಾಕಿಲ್ಲ. ಮೇಲೆ ಜಂತೆಗಳ ಉದ್ದಕ್ಕೂ ಅಂಗಡಿಯಲ್ಲಿ ಮಗುವಿನ ಊಟ ತುಂಬಿ ಮಾರುವ ಪುಟ್ಟ ಗಾಜಿನ ಶೀಶೆಗಳು. ಮುಚ್ಚಳವನ್ನು ಜಂತೆಗೆ ತಿರುಪಿನಿಂದ ಬಿಗಿದು, ಶೀಶೆಯನ್ನು ಕೆಳಗಿನಿಂದ ತಿರುಗಿಸಿ ಕೂರಿಸುವ ಉಪಾಯ. ಒಳಗೆ ಮೊಳೆ, ತಿರುಪು, ರಿವೆಟ್ಟು. ಅವು ನಾನೂ ಡೇಲೂ ತಿಂದು ಖಾಲಿ ಮಾಡಿದ ಶೀಶೆಗಳು ಎಂದು ಅಮ್ಮ ಇದ್ದಾಗ ಹೇಳುತ್ತಿದ್ದಳು.

ಈ ಅವ್ಯವಸ್ಥೆಯಲ್ಲಿ ಕೂತು ಅಪ್ಪ ಬಕೆಟ್ಟು ಮಾಡುತ್ತಿದ್ದ. ಮೂವತ್ತೊಂದು ವರ್ಷ ಗಣಿಯಲ್ಲಿ ದುಡಿದವನು, ಆಮೇಲೆ ಪೂರ್ತಿ ಇದಕ್ಕೇ ಇಳಿದ. ದೇವದಾರಿನ ಪಟ್ಟಿಗಳನ್ನು ಒಂದಕ್ಕೊಂದು ಆತು ನಿಲ್ಲುವ ಹಾಗೆ ಕೆತ್ತಿ, ಸುತ್ತ ಲೋಹದ ಬಳೆ ಬಿಗಿದು ಮಾಡುವ ಬಕೆಟ್ಟು. ಅಂಟಿಲ್ಲ, ಮೊಳೆಯಿಲ್ಲ. ನಮ್ಮ ಅಜ್ಜಂದಿರು ಹಿಮದ ದೇಶವೊಂದರಿಂದ ವಲಸೆ ಬಂದು ನೆಲೆಸಿದ ಈ ಊರಿನಲ್ಲಿ ಮನೆಗೊಂದು ಸೌನಾ. ಶನಿವಾರ ಸಂಜೆ ಆ ಹಬೆಮನೆಗಳಲ್ಲಿ ಕಾದ ಕಲ್ಲಿನ ಮೇಲೆ ಎರಚುವ ನೀರು ಅರ್ಧಕ್ಕರ್ಧ ರೇನೊ ಸಾಲ್ಮೆಲಾನ, ಅಂದರೆ ನಮ್ಮಪ್ಪನ, ಬಕೆಟ್ಟಿನದು.

ಆದರೆ ಎರಡು ವರ್ಷದಿಂದ ಅಪ್ಪನ ಕಣ್ಣಿನ ನಡುಭಾಗ ಹೋಗಿದೆ. ಎದುರಿನದು ಕಾಣುವುದಿಲ್ಲ, ಅಂಚಿನದು ಮಬ್ಬುಮಬ್ಬಾಗಿ ಕಾಣುತ್ತದೆ. ನನ್ನ ಮುಖ ನೋಡಬೇಕೆಂದರೆ ನನ್ನ ಕಿವಿಯಾಚೆಗೆ ದೃಷ್ಟಿ ಇಡುತ್ತಾನೆ. ಆ ದಿನ ಬೂಟಿನೊಳಗೆ ಕೈ ಹಾಕಿದವನ ಅಂಗೈಯನ್ನು ದೊಡ್ಡ ಉಳಿ ಸೀಳಿತ್ತು.

"ಕರೆಂಟಿನ ಗರಗಸ, ಉಳಿ, ಎಲ್ಲ ಮಾರಿಬಿಡೋಣ. ಬಾಗಿಲಿಗೆ ಬೀಗ," ಎಂದ ಡೇಲ್. "ಮುಂದಿನ ಸಲ ಬೆರಳೇ ಹೋದ್ರೆ?"

"ಬೀಗ ಹಾಕಿದ್ರೆ ಅಪ್ಪ ಏನು ಮಾಡ್ತಾನೋ? ಕಿಟಕಿ ಹತ್ರ ಕುರ್ಚಿ ಹಾಕ್ಕೊಂಡು ಕೂರ್ತಾನೆ. ಒಂದು ಚಳಿಗಾಲ ಹಾಗೆ ಕೂತ್ರೆ ಅವನು ಇನ್ನೊಂದು ಚಳಿಗಾಲ ನೋಡಲ್ಲ."

"ಹಂಗಂತ ಈ ಕಸದಲ್ಲಿ ಬಿಡೋಕಾಗುತ್ತಾ?"

"ಕಸ ನಾನು ತೆಗೀತೀನಿ. ನವೆಂಬರ್ ಕೊನೇಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಇದೆಯಲ್ಲ, ಅಲ್ಲೀವರೆಗೂ ಟೈಮ್ ಕೊಡು. ಇಲ್ಲಿ ಎಲ್ಲ ಜೋಡಿಸ್ತೀನಿ. ಹಬ್ಬದ ದಿನ ಅಪ್ಪ ಒಂದು ಬಕೆಟ್ಟು ಮಾಡಿ ನಿನ್ನ ಮುಂದೆ ಇಡ್ತಾನೆ. ನೀರು ನಿಂತ್ರೆ, ಕೈಗೆ ಹೊಸ ಗಾಯ ಇಲ್ದಿದ್ರೆ, ನೀನು ಬಾಯಿ ಮುಚ್ಕೋಬೇಕು."

ಡೇಲ್ ಜಂತೆಯ ಕಡೆ ತಲೆ ಎತ್ತಿದ. "ನೀರು ನಿಲ್ದಿದ್ರೆ ಅವತ್ತೇ ಲಾರಿಗೆ ಹೇರ್ತೀನಿ. ಆಮೇಲೆ ಅಳಬಾರದು." ಮೆಟ್ಟಿಲು ಹತ್ತುವಾಗ ಸ್ವಿಚ್ಚು ಆರಿಸುತ್ತ ನಕ್ಕ. "ಅದೂ ಅಲ್ದೆ ಈ ಮುದುಕ ದೀಪ ಆರಿಸ್ಕೊಂಡು ಕೆಲಸ ಮಾಡ್ತಾನಲ್ಲ, ಕರೆಂಟು ಉಳಿಸೋಕೆ! ಕಣ್ಣಿದ್ದಾಗ್ಲೂ ಅದೇ ಚಾಳಿ. ಕೈ ಕುಯ್ಕೊಳ್ದೆ ಇನ್ನೇನಾಗುತ್ತೆ?"

ಅದು ನಮ್ಮನೆಯ ಹಳೆಯ ತಮಾಷೆ. ಎಷ್ಟೋ ವರ್ಷದಿಂದ, ಬಟ್ಟೆ ಒಗೆಯಲೆಂದು ಕೆಳಗಿಳಿದರೆ ಕತ್ತಲಲ್ಲಿ ಅಪ್ಪ ಕೆತ್ತುತ್ತಿರುವ ಸದ್ದು ಕೇಳುತ್ತಿತ್ತು. ನಾನೂ ದೀಪ ಹಾಕಿ, "ಜಿಪುಣ, ಜಿಪುಣ," ಎಂದು ರೇಗಿಸುತ್ತಿದ್ದೆ. ಅವನು ನಗುತ್ತಿದ್ದ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಜನರಲ್ಲಿ ಕಾಫಿ ಬೇಕಾ ಎಂದರೆ ಬೇಡ ಎನ್ನುತ್ತಾರೆ. ಎರಡನೇ ಸಲ ಕೇಳಿದರೆ, ನಿಮಗ್ಯಾಕೆ ತೊಂದರೆ ಎನ್ನುತ್ತಾರೆ. ಮೂರನೇ ಸಲ ಕೇಳಿದಾಗ ಹೇಳುವುದೇ ಉತ್ತರ. ಮೊದಲೆರಡು ಮರ್ಯಾದೆಗೆ. ಎಲ್ಲ ಮಾತಿಗೂ ಇದೇ ಲೆಕ್ಕ, ಕಾಫಿಗೆ ಮಾತ್ರವಲ್ಲ. ಆ ದಿನ ನಾನು ಮೇಲೆ ಬಂದು, ಕೈಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ ಅಪ್ಪನನ್ನು ಕೇಳಿದೆ:

"ಅಪ್ಪ, ಕೆಳಗಿನದ್ದನ್ನೆಲ್ಲ ನಾನು ಜೋಡಿಸಲಾ?"

"ನಿನಗ್ಯಾಕೆ ತೊಂದರೆ ಟೈನಾ. ನಿನಗೆ ಮೊದ್ಲೇ ಕೈತುಂಬ ಕೆಲಸ."

ನಾನು ಒಂದೇ ಸಲ ಕೇಳಿದೆ. ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬಡಿಸಿ ಬಂದಿದ್ದೆ. ಗಂಡ ಲಾರಿ ಓಡಿಸಿಕೊಂಡು ಹತ್ತು ದಿನದ ದಾರಿಯಲ್ಲಿದ್ದ. ಮಕ್ಕಳಲ್ಲಿ ಒಬ್ಬಳಿಗೆ ಜ್ವರ. ಎರಡನೇ ಸಲ, ಮೂರನೇ ಸಲ ಕೇಳುವಷ್ಟು ತ್ರಾಣ ಇರಲಿಲ್ಲ. ಬೇಡ ಅನ್ನಲಿಲ್ಲವಲ್ಲ ಎಂದುಕೊಂಡು ಮರುದಿನವೇ ಶುರುಮಾಡಿದೆ.

ಆರು ವಾರ ಹಿಡಿಯಿತು. ದೊಡ್ಡ ಗೋಡೆಗೆ ತೂತಿನ ಹಲಗೆ ಬಡಿದು ಬಿಳಿ ಬಣ್ಣ ಹೊಡೆದೆ. ಪ್ರತಿ ಉಪಕರಣವನ್ನೂ ಅದರ ಮೇಲಿಟ್ಟು ಸುತ್ತ ಕಪ್ಪು ಬಣ್ಣದಲ್ಲಿ ಗೆರೆ ಎಳೆದೆ. ಗರಗಸದ ಜಾಗದಲ್ಲಿ ಗರಗಸದ ಆಕಾರ, ಸುತ್ತಿಗೆಯ ಜಾಗದಲ್ಲಿ ಸುತ್ತಿಗೆಯ ಆಕಾರ. ಪಾರದರ್ಶಕ ಪ್ಲಾಸ್ಟಿಕ್ ಡ್ರಾಯರುಗಳಿರುವ ಒಂದು ಬೀರು ತಂದು, ಮೊಳೆಗಳನ್ನು ಅಳತೆವಾರು ವಿಂಗಡಿಸಿ ತುಂಬಿ, ಪ್ರತಿಯೊಂದಕ್ಕೂ ಮೂರು ಬೆರಳು ಎತ್ತರದ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದೆ. ಉದ್ದನೆಯ ಮರಕ್ಕೆ ಗೋಡೆಯಿಂದ ಚಾಚಿದ ತೋಳುಗಳು, ತುಂಡು ಮರಕ್ಕೆ ಬುಟ್ಟಿ. ಜಂತೆಯಿಂದ ಐವತ್ತೆರಡು ಶೀಶೆ ಬಿಚ್ಚಿದೆ. ಮೇಜಿನಂಚಿನ ಮೊಳೆಗಳನ್ನೆಲ್ಲ ಇಕ್ಕಳದಿಂದ ಕಿತ್ತು, ಅಂಚನ್ನು ಉಜ್ಜಿ ನುಣ್ಣಗೆ ಮಾಡಿದೆ. ಏನನ್ನೂ ಎಸೆಯುವ ಜನ ನಾವಲ್ಲ. ಶೀಶೆಗಳು ರಟ್ಟಿನ ಡಬ್ಬಿ ಸೇರಿ ಮೆಟ್ಟಿಲ ಕೆಳಗೆ ಹೋದವು, ಮೊಳೆಗಳು ಕಾಫಿ ಡಬ್ಬಿಗೆ.

ಮುಗಿದ ದಿನ ನಾನೇ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ನೋಡಿದೆ. ಫೋಟೋ ಕಳಿಸಿದ ತಕ್ಷಣ ಡೇಲ್ ಫೋನು ಮಾಡಿದ. "ಅಕ್ಕ, ಆಪರೇಷನ್ ಥಿಯೇಟರ್ ಇದ್ದಂಗಿದೆ ಕಣೇ! ನೀನು ಅಡುಗೆಮನೇಲಿ ಇರಬೇಕಾದವಳಲ್ಲ."

ಅಪ್ಪನನ್ನು ಕೈಹಿಡಿದು ಇಳಿಸಿದೆ. ಅವನು ನಡುವೆ ನಿಂತು, ತಲೆಯನ್ನು ಅತ್ತಿತ್ತ ಓರೆ ಮಾಡಿ, ಕಣ್ಣಂಚಿನಿಂದ ಬಿಳಿ ಗೋಡೆಯನ್ನು ನೋಡಿದ.

"ಬಹಳ ಕಷ್ಟಪಟ್ಟಿದೀಯ," ಎಂದ.

ಆಗಲೇ ಗೊತ್ತಾಗಬೇಕಿತ್ತು. ನಮ್ಮವರು ಪಟ್ಟ ಕಷ್ಟವನ್ನು ಹೊಗಳಿದರೆ ಮಾಡಿದ ಕೆಲಸವನ್ನು ಹೊಗಳಿಲ್ಲ ಎಂದೇ ಅರ್ಥ.

ಮಾರನೆಯ ದಿನದಿಂದ ಅಪ್ಪ ಕೆಳಗಿಳಿಯಲಿಲ್ಲ. "ಥಂಡಿ ಇದೆ," ಎಂದ. "ಕೈ ಇನ್ನೂ ಬಿಗೀತಿದೆ." ಆಲೂಗಡ್ಡೆ ಸುಲಿಯುತ್ತ ಅಡುಗೆಮನೆಯ ಕಿಟಕಿಯ ಬಳಿ ಕೂತ. ಯಾವ ಕುರ್ಚಿ ಬೇಡವೆಂದು ಡೇಲ್‌ಗೆ ಹೇಳಿದ್ದೆನೋ ಅದರಲ್ಲೇ. ನಾನು ಬಟ್ಟೆ ಹಾಕಲು ಇಳಿದಾಗಲೆಲ್ಲ ಗೋಡೆಯ ಕಡೆ ನೋಡುತ್ತಿದ್ದೆ. ಒಂದು ಸುತ್ತಿಗೆಯೂ ತನ್ನ ಗೆರೆಯಿಂದಾಚೆ ಇರಲಿಲ್ಲ. ಅದನ್ನು ನೋಡಿ ನನಗೆ ಹೆಮ್ಮೆ! ಎಷ್ಟು ಶಿಸ್ತು ಎಂದುಕೊಂಡೆ. ಯಾರೂ ಮುಟ್ಟದ್ದರಿಂದ ಹಾಗಿದೆ ಎಂದು ಹೊಳೆಯಲೇ ಇಲ್ಲ.

ಹಬ್ಬಕ್ಕೆ ಒಂಬತ್ತು ದಿನ ಇತ್ತು. ಶಾಲೆಯಲ್ಲಿ ಅರ್ಧ ದಿನದ ಪಾಠ. ಮಕ್ಕಳನ್ನು ಈಜಿಗೆ ಬಿಟ್ಟು ಮಧ್ಯಾಹ್ನವೇ ಮನೆಗೆ ಬಂದೆ. ಅಪ್ಪ ಕುರ್ಚಿಯಲ್ಲಿರಲಿಲ್ಲ. ಮಲಗಿರಬೇಕು ಎಂದುಕೊಂಡು, ಬಟ್ಟೆಬುಟ್ಟಿ ಎತ್ತಿಕೊಂಡು ನೆಲಮಾಳಿಗೆಯ ಬಾಗಿಲು ತೆಗೆದೆ. ಕೆಳಗೆ ದೀಪ ಇರಲಿಲ್ಲ, ಸಣ್ಣ ಕಿಟಕಿಯಿಂದ ಹಿಮದ ಬೂದು ಬೆಳಕು ಮಾತ್ರ.

ಅಪ್ಪ ಕೋಣೆಯ ನಡುವೆ ನಿಂತಿದ್ದ. ಬಲಗೈ ಮೇಲೆತ್ತಿ ಜಂತೆಯ ಕೆಳಗೆ ಹಿಡಿದಿದ್ದ. ಬೆರಳುಗಳು ತೆರೆದು, ಮುಚ್ಚಿ, ತೆರೆದು, ಗಾಳಿಯನ್ನು ಹಿಡಿಯುತ್ತಿದ್ದವು. ಅರ್ಧ ಹೆಜ್ಜೆ ಸರಿದು ಮತ್ತೆ ಹಾಗೇ ಮಾಡಿದ. ಎಡಗೈ, ಹೊಲಿಗೆಯ ಗುರುತಿನ ಕೈ, ಮೇಜಿನ ಅಂಚನ್ನು ಸವರುತ್ತ ಹೋಗಿ, ನಿಂತು, ಹಿಂದಕ್ಕೆ ಬಂತು. ನುಣ್ಣಗಿನ ಅಂಚು. ಆ ಕೈಗೆ ಏನೂ ಸಿಗಲಿಲ್ಲ.

ನಾನು ಬುಟ್ಟಿಯನ್ನು ಕೆಳಗಿಟ್ಟೆ. "ಏನು ಹುಡುಕ್ತಿದೀಯಪ್ಪ?"

ಕೈ ತಟ್ಟನೆ ಇಳಿಯಿತು. "ಏನಿಲ್ಲ. ಬಲ್ಬು ಸಡಿಲ ಆಗಿದ್ಯಾ ಅಂತ ನೋಡ್ತಿದ್ದೆ."

ಬಲ್ಬು ಇರುವುದು ಆ ಕಡೆಯ ಜಂತೆಯಲ್ಲಿ. ನಾನು ಮೇಲೆ ಹೋಗಿ ಕಾಫಿ ಮಾಡಿ, ಎರಡು ಲೋಟ ಹಿಡಿದು ಇಳಿದು, ಮೆಟ್ಟಿಲ ಮೇಲೆ ಅವನನ್ನು ಕೂರಿಸಿ ಪಕ್ಕದಲ್ಲಿ ಕೂತೆ.

"ಏನು ಹುಡುಕ್ತಿದ್ದೆ?"

"ಬಿಡು ಮಗಳೇ, ಎಷ್ಟು ಚೊಕ್ಕಟ ಮಾಡಿದೀಯ."

ಕಾಫಿ ಅರ್ಧ ಆಗುವವರೆಗೂ ಕಾದೆ. ಹೊಲಿಗೆ ಬಿದ್ದ ದಿನವೇ ಕೇಳಬೇಕಿದ್ದ ಮೂರನೆಯ ಸಲವನ್ನು ಆಗ ಕೇಳಿದೆ.

"ಅಪ್ಪ, ಏನು ಹುಡುಕ್ತಿದ್ದೆ?"

ಅವನು ಲೋಟವನ್ನು ಮೊಣಕಾಲ ಮೇಲಿಟ್ಟುಕೊಂಡ. "ನಾಲ್ಕನೇ ಶೀಶೆ," ಎಂದ.

ಆಮೇಲೆ ನಿಧಾನವಾಗಿ ಹೇಳತೊಡಗಿದ. ಕೊನೆಯ ಮೆಟ್ಟಿಲಿನಿಂದ ಮೂರು ಹೆಜ್ಜೆ ಇಟ್ಟು ಕೈ ಎತ್ತಿದರೆ ಮೊದಲ ಶೀಶೆ. ಬೆರಳ ಗಂಟಿನಿಂದ ತಟ್ಟಿದರೆ ಎಷ್ಟು ತುಂಬಿದೆ ಎಂದು ಸದ್ದು ಹೇಳುತ್ತದೆ. ನಾಲ್ಕನೆಯದರಲ್ಲಿ ಬಕೆಟ್ಟಿನ ಬಳೆಯ ಎರಡು ತುದಿ ಸೇರಿಸುವ ರಿವೆಟ್ಟು. ಮೇಜಿನಂಚಿನಲ್ಲಿ ಒಂದು ಮೊಳೆ ಸಿಕ್ಕರೆ ಕೆಳಗೆ ಹತ್ತರಿ, ಎರಡು ಜೋಡಿಯಾಗಿ ಸಿಕ್ಕರೆ ಬೈರಿಗೆ, ಮೂರಾದರೆ ಅರ. ಒಂದರಿಂದ ಎರಡಕ್ಕೆ ಇರುವ ದೂರವೇ ಬಕೆಟ್ಟಿನ ಎತ್ತರ. ಎರಡರಿಂದ ಮೂರಕ್ಕೆ ಇರುವ ದೂರ ತಳದ ಅಗಲ. ಬಾಗಿಲ ಹಿಂದಿನ ಗರಗಸ ಅಲ್ಲೇ ಏಕಿದೆ ಎಂದರೆ, ಮರ ಒಳಗೆ ತರುವಾಗ ಮೊದಲು ಬೇಕಾಗುವುದು ಅದು. ಬೂಟು ಏಕೆಂದರೆ ರಬ್ಬರಿಗೆ ಉಳಿಯ ಬಾಯಿ ಮೊಂಡಾಗುವುದಿಲ್ಲ, ಎಲ್ಲ ಉಳಿಗಳೂ ಅಲಗು ಕೆಳಗಾಗಿ ನಿಲ್ಲುತ್ತವೆ.

"ಕೆಲಸ ಯಾವ ಸಾಲಲ್ಲಿ ನಡೆಯುತ್ತೋ ಸಾಮಾನು ಆ ಸಾಲಲ್ಲಿ," ಎಂದ. "ಸುತ್ತಿಗೆ ಸುತ್ತಿಗೆ ಜೊತೆ ಇರಬೇಕಾಗಿಲ್ಲ ಟೈನಾ. ಯಾವ ಕೈಗೆ ಯಾವಾಗ ಸಿಗಬೇಕೋ ಅಲ್ಲಿರಬೇಕು."

"ಯಾವಾಗ ಮಾಡಿದ್ದು ಇದನ್ನೆಲ್ಲ? ಕಣ್ಣು ಹೋದ್ಮೇಲಾ?"

"ಕಣ್ಣು ಹೋದ್ಮೇಲೆ ಹೇಗೆ ಮಾಡೋದು?" ಎಂದು ನಕ್ಕ. "ನಮ್ಮಮ್ಮನಿಗೂ ಹಿಂಗೇ ಆಯ್ತು, ಐವತ್ತೆಂಟಕ್ಕೆ. ಆಮೇಲೆ ಹತ್ತು ವರ್ಷ ಒಲೆ ಹತ್ರಾನೂ ಬಿಡ್ಲಿಲ್ಲ ಅವಳನ್ನ. ನನಗೆ ಐವತ್ತೆಂಟು ತುಂಬಿದ ದಿನ ಇಲ್ಲಿ ಮೊದಲ ಮೊಳೆ ಹೊಡೆದೆ. ಅವತ್ತಿಂದ ದಿನಾ ಒಂದು ಗಂಟೆ ದೀಪ ಆರಿಸಿಬಿಡ್ತಿದ್ದೆ."

ಅವನಿಗೆ ಈಗ ಎಪ್ಪತ್ತನಾಲ್ಕು.

ನಾನು ಆ ಬಿಳಿ ಗೋಡೆಯನ್ನೂ ನುಣ್ಣಗಿನ ಮೇಜಿನಂಚನ್ನೂ ನೋಡಿದೆ. ಹದಿನಾಲ್ಕು ವರ್ಷ ದಿನಕ್ಕೊಂದು ಗಂಟೆ ಈ ಮನುಷ್ಯ ಕಣ್ಣಿದ್ದೂ ಕತ್ತಲಲ್ಲಿ ಕೂತು, ಬರಬಹುದಾದ ಒಂದು ದಿನಕ್ಕೆ ದಾರಿ ಹಾಕಿಕೊಂಡಿದ್ದ. ನಾವು ಮೇಲಿನಿಂದ ಕೂಗಿ ನಕ್ಕಿದ್ದೆವು. ಗಣಿಯಲ್ಲಿ ನೆಲದ ಕೆಳಗೆ ಸುರಂಗ ಕೊರೆದವನು ಇಲ್ಲಿಯೂ ಕೊರೆದಿದ್ದ. ಆ ಸುರಂಗವನ್ನು ನಾನು ಆರು ವಾರದಲ್ಲಿ, ಒಂದು ಇಕ್ಕಳದಿಂದ, ತುಂಬ ಪ್ರೀತಿಯಿಂದ ಮುಚ್ಚಿಬಿಟ್ಟಿದ್ದೆ.

"ಹೇಳಬಾರದಿತ್ತಾ ಅಪ್ಪ?"

"ಹೇಳಿದ್ರೆ ಅವತ್ತಿಂದಾನೇ ಹೆದರ್ಕೋತಿದ್ರಿ. ಕಣ್ಣು ಹೋಗದೇನೂ ಇರಬಹುದಿತ್ತಲ್ಲ." ಕಾಫಿ ಮುಗಿಸಿದ. ಆಮೇಲೆ, ಮರೆತಿದ್ದೇನೋ ನೆನಪಾದವನ ಹಾಗೆ ಹೇಳಿದ: "ಮೊಳೆ ಹೊಡೆಯುವಾಗ ನಿನ್ನ ಎತ್ತರಾನೂ ನೋಡ್ಕೊಂಡಿದ್ದೆ. ನಿನ್ನ ಕೈಗೂ ಸರಿಹೋಗುತ್ತೆ. ಬೇಕಾಗ್ದೇ ಇರ್ಲಿ."

ನನಗೆ ನಲವತ್ತಾರು. ಮೆಟ್ಟಿಲ ಕೆಳಗಿನಿಂದ ಶೀಶೆಗಳ ಡಬ್ಬಿಯನ್ನೂ ಕಾಫಿ ಡಬ್ಬಿಯನ್ನೂ ಎಳೆದು ತಂದೆ.

"ಹೇಳು," ಎಂದೆ. "ನಾನು ಕಣ್ಣು ಮುಚ್ಕೋತೀನಿ. ಎಲ್ಲಿಂದ ಶುರು?"

"ಬಟ್ಟೆ ಒಗೆಯೋದಿಲ್ವಾ?"

"ಬಟ್ಟೆ ಸಾಯ್ಲಿ."

ಎಂಟು ದಿನ ಮಕ್ಕಳು ನಾಲ್ಕು ಸಲ ಅದೇ ಸೂಪು ಕುಡಿದರು. ಶಾಲೆ ಮುಗಿಸಿ ಬಂದವಳೇ ಕೆಳಗಿಳಿಯುತ್ತಿದ್ದೆ. ಕಣ್ಣು ಮುಚ್ಚಿ ಮೂರು ಹೆಜ್ಜೆ, ಕೈ ಎತ್ತು. ಮೊದಲ ದಿನ ಹಣೆಯನ್ನು ಕಂಬಕ್ಕೆ ಚಚ್ಚಿಕೊಂಡೆ. "ಆ ಕಂಬ ನಿನಗಿಂತ ಮುಂಚೆ ಬಂದಿದ್ದು, ಅದು ಸರಿಯಲ್ಲ," ಎಂದ ಅಪ್ಪ. ಶೀಶೆಗಳು ಒಂದೊಂದಾಗಿ ಜಂತೆಗೆ ಹೋದವು. ಅವುಗಳಲ್ಲಿ ಪೀಚ್ ಹಣ್ಣಿನ ಊಟದವೇ ಹೆಚ್ಚು, ಅವು ನನ್ನವು. ಡೇಲ್‌ನವು ಹನ್ನೊಂದೇ. "ಅವನು ಉಗಿದುಬಿಡ್ತಿದ್ದ. ಒಂದು ಶೀಶೆ ಖಾಲಿ ಮಾಡೋಕೆ ವಾರ ಬೇಕಿತ್ತು."

ಎಲ್ಲವನ್ನೂ ಹಳೆಯ ಹಾಗೆಯೇ ಇಟ್ಟೆವು ಎಂದಲ್ಲ. ನನ್ನಲ್ಲೂ ಒಂದಿಷ್ಟು ತಿಳಿವಳಿಕೆ ಇತ್ತು. ಇಪ್ಪತ್ತು ವರ್ಷ ದೊಡ್ಡ ಅಡುಗೆಮನೆಯಲ್ಲಿ ಚಾಕುಗಳ ನಡುವೆ ಬದುಕಿದವಳು ನಾನು. ಬೂಟು ಬೇಡ ಎಂದೆ. ಅದರ ಬದಲಿಗೆ ದಪ್ಪ ಹಲಗೆಯಲ್ಲಿ ಒಂಬತ್ತು ಸಂದು ಕೊರೆದೆವು. ಪ್ರತಿ ಉಳಿಗೆ ಅದರದೇ ಅಗಲದ ಸಂದು. ಬೇರೆ ಉಳಿ ಅಲ್ಲಿ ಪೂರ್ತಿ ಇಳಿಯದು, ತಲೆಕೆಳಗಾಗಿ ಯಾವುದೂ ಹೋಗದು. ಬಣ್ಣದ ಗೆರೆಗಳ ಬದಲು ಹಲಗೆಯನ್ನೇ ಉಪಕರಣದ ಆಕಾರಕ್ಕೆ ತಗ್ಗಾಗಿ ಕೆತ್ತಿದೆವು. ಕೈ ಸವರಿದರೆ ತಗ್ಗು ಸಿಗುತ್ತದೆ, ತಗ್ಗು ಖಾಲಿಯಿದ್ದರೆ ಸಾಮಾನು ಹೊರಗಿದೆ ಎಂದು ಬೆರಳಿಗೆ ಗೊತ್ತಾಗುತ್ತದೆ. ನೆಲಕ್ಕೆ ಒಂದು ತೆಳು ಪಟ್ಟಿ ಬಡಿದೆ, ಮೇಜಿನಿಂದ ಒಂದು ಹೆಜ್ಜೆ ಆಚೆ. ಅದಕ್ಕಿಂತ ಈಚೆಗೆ ಯಾರೂ ಏನನ್ನೂ ಇಡಬಾರದು. ಅಡುಗೆಮನೆಯಲ್ಲಿ ಬೇರೆಯವರ ಬೆನ್ನ ಹಿಂದೆ ಹಾಯುವಾಗ ನಾವು ಕೂಗುತ್ತೇವೆ, "ಹಿಂದೆ ಇದ್ದೀನಿ!" ಎಂದು. ಆ ಕೂಗು ಇಲ್ಲಿಗೂ ಬಂತು. ಮೆಟ್ಟಿಲಿಳಿಯುವ ಯಾರೇ ಆಗಲಿ ಕೂಗಿಯೇ ಇಳಿಯಬೇಕು.

"ಇದು ನನಗೆ ಹೊಳೆದಿರಲಿಲ್ಲ," ಎಂದ ಅಪ್ಪ, ಸಂದುಗಳ ಮೇಲೆ ಬೆರಳಾಡಿಸುತ್ತ. ನನ್ನ ಕಷ್ಟವನ್ನು ಹೊಗಳಲಿಲ್ಲ. ಅಷ್ಟು ಸಾಕಾಯಿತು.

ಐದನೆಯ ದಿನ ಅವನು ಬಕೆಟ್ಟು ಶುರುಮಾಡಿದ. ದೀಪ ಆರಿಸು ಎಂದ. ಕಿಟಕಿಯ ಮಂದ ಬೆಳಕಿನಲ್ಲಿ ನಾನು ಬಟ್ಟೆಬುಟ್ಟಿಯ ಮೇಲೆ ಕೂತೆ, ಎರಡು ನಿಮಿಷ ನೋಡಿ ಹೋಗೋಣ ಎಂದು. ಎದ್ದೇಳಲಾಗಲಿಲ್ಲ. ಅವನ ಕೈ ಮೇಜಿನಂಚಿನಲ್ಲಿ ಓಡುತ್ತಿತ್ತು: ಒಂದು, ಹತ್ತರಿ, ಜೋಡಿ, ಬೈರಿಗೆ. ಯಾವುದನ್ನೂ ತಡಕಾಡಲಿಲ್ಲ. ಮಾತಾಡುವಾಗ ಪದಗಳು ಬಂದು ಬಾಯಿಗೆ ಸೇರುವ ಹಾಗೆ ಸಾಮಾನುಗಳು ಬಂದು ಕೈಸೇರುತ್ತಿದ್ದವು. ಪಟ್ಟಿಯ ಅಂಚಿಗೆ ಹತ್ತರಿ ಹೊಡೆದು, ಹೆಬ್ಬೆರಳನ್ನು ಒಂದು ಸಲ ಎಳೆದು, ತಲೆಯಾಡಿಸಿ, ಇನ್ನೊಂದು ಸಲ ಹೊಡೆದ. ದೇವದಾರಿನ ಸುರುಳಿ ಕೆಳಗುದುರಿತು, ಕಾಗದಕ್ಕಿಂತ ತೆಳು. ಆ ಓರೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಬಕೆಟ್ಟು ಸೇರದು. ಹದಿನೆಂಟು ಪಟ್ಟಿ. ಹದಿನೆಂಟನೆಯದನ್ನು ಕೂರಿಸಿ ಅಂಗೈಯಿಂದ ಗುದ್ದಿದಾಗ ಅದು 'ಟಕ್' ಎಂದು ಒಳಸರಿದು, ಉಳಿದ ಹದಿನೇಳೂ ಒಟ್ಟಿಗೆ ಬಿಗಿದುಕೊಂಡ ಸದ್ದು ಕೇಳಿತು.

ಹಬ್ಬದ ದಿನ ಡೇಲ್ ಸಣ್ಣ ಲಾರಿಯಲ್ಲೇ ಬಂದ. ಹಿಂಬದಿಯಲ್ಲಿ ಹಗ್ಗ, ಕಂಬಳಿ. ಟರ್ಕಿಕೋಳಿ ಆಯಿತು, ಗೆಡ್ಡೆಯ ಪಲ್ಯ ಆಯಿತು, ಏಲಕ್ಕಿ ಬ್ರೆಡ್ಡು ಆಯಿತು. ಯಾರೂ ನೆಲಮಾಳಿಗೆಯ ಮಾತೆತ್ತಲಿಲ್ಲ. ಕೊನೆಗೆ ಡೇಲೇ ಬಾಯಿ ಒರೆಸಿಕೊಂಡು, "ಎಲ್ಲಿ ನಿಮ್ಮ ಆಪರೇಷನ್ ಥಿಯೇಟರು?" ಎಂದು ಎದ್ದ.

"ಕೂಗಿ ಇಳೀಬೇಕು," ಎಂದೆ.

"ಏನಂತ?"

"ಹಿಂದೆ ಇದ್ದೀನಿ ಅಂತ."

"ಹಿಂದೆ ಇದ್ದೀನಪ್ಪೋ!" ಎಂದು ಕೂಗುತ್ತ ಇಳಿದ. ಕೊನೆಯ ಮೆಟ್ಟಿಲಲ್ಲಿ ನಿಂತ. ಜಂತೆಯ ತುಂಬ ಶೀಶೆ, ಮೇಜಿನ ಅಂಚಿಗೆ ಮೊಳೆ, ಬಾಗಿಲ ಹಿಂದೆ ಗರಗಸ. "ಅಕ್ಕ, ಇದೇನೇ? ಫೋಟೋದಲ್ಲಿದ್ದ ಗೋಡೆ ಎಲ್ಲಿ? ಮತ್ತೆ ಅದೇ ಬಿರುಗಾಳಿ!"

"ಬಕೆಟ್ಟು ನೋಡು," ಎಂದೆ.

ಮೇಜಿನ ನಡುವೆ ಅದು ಕೂತಿತ್ತು, ಹೊಂಬಣ್ಣದ್ದು, ಪರಿಮಳ ಬೀರುತ್ತ. ಡೇಲ್ ಅಪ್ಪನ ಎರಡೂ ಕೈಗಳನ್ನು ತಿರುಗಿಸಿ ನೋಡಿದ. ಹಳೆಯ ಗುರುತೊಂದೇ ಇತ್ತು. ನಾನು ಹೂಜಿಯಿಂದ ನೀರು ಸುರಿದೆ.

ಸೋರಿತು. ಒಂದು ಕಡೆಯಲ್ಲ, ಸಂದುಸಂದಿನಲ್ಲೂ ಸಣ್ಣ ಮಣಿಗಳು ಮೂಡಿ, ಕೂಡಿಕೊಂಡು, ಮೇಜಿನ ಮೇಲೆ ಹರಿದವು.

ಡೇಲ್ ಮೆಲ್ಲಗೆ, "ಅಪ್ಪ..." ಎಂದ.

"ಕುಡೀಲಿ ಬಿಡು," ಎಂದ ಅಪ್ಪ. "ಒಣಗಿದ ಮರ. ಬಾಯಾರಿದೆ."

ಕಾಯುತ್ತ ನಿಂತೆವು. ಡೇಲ್‌ಗೆ ಸುಮ್ಮನೆ ನಿಲ್ಲಲು ಬರುವುದಿಲ್ಲ. ಹಲಗೆಯಿಂದ ದೊಡ್ಡ ಉಳಿಯನ್ನು ಎಳೆದು, ಅಲಗನ್ನು ಉಗುರಿನಿಂದ ನೋಡಿ, ಹಿಂದಕ್ಕೆ ಇಡಹೋದ.

"ಅದರ ಮನೆ ಅದಲ್ಲ ಡೇಲ್. ಪಕ್ಕದ್ದು," ಎಂದ ಅಪ್ಪ, ಬಕೆಟ್ಟಿನ ಕಡೆಗೇ ಮುಖ ಇಟ್ಟುಕೊಂಡು.

"ನಿನಗೆ ಕಾಣ್ತಾ?"

"ಕೇಳಿಸ್ತು. ಪೂರ್ತಿ ಇಳೀಲಿಲ್ಲ."

ಡೇಲ್ ಉಳಿಯನ್ನು ಹಿಡಿದು ಹಾಗೇ ನಿಂತ. ಅವನ ಮುಖದಲ್ಲಿ ಒಂದು ಲೆಕ್ಕ ನಡೆಯುತ್ತಿರುವುದು ನನಗೆ ಕಂಡಿತು. ದೋಣಿಯ ಸೀಟು ಸರಿಮಾಡಲು ಅವನು ಈ ಉಳಿಯನ್ನು ಒಯ್ದಿದ್ದು ಸೆಪ್ಟೆಂಬರ್ ಮೊದಲ ವಾರ. ತಂದು ಬೂಟಿನೊಳಗೆ ತುರುಕಿ, ಕಾಫಿ ಕೂಡ ಕುಡಿಯದೆ ಹೋಗಿದ್ದ. ಅಪ್ಪನ ಕೈ ಸೀಳಿದ್ದು ಅದರ ಎರಡು ದಿನಕ್ಕೆ.

"ಅಪ್ಪ," ಎಂದ. "ನಾನು ಇದನ್ನ ಅಲಗು ಮೇಲೆ ಮಾಡಿ ಇಟ್ಟಿದ್ನಾ?"

"ಬೂಟು ಹಳೇದಾಗಿತ್ತು."

"ನಾನೇ ಇಟ್ಟಿದ್ನಾ?"

"ಟೈನಾ, ಮೇಲೆ ಕಾಫಿ ಉಳಿದಿದ್ಯಾ ನೋಡು."

ಡೇಲ್‌ನ ಧ್ವನಿ ಇಳಿದಿತ್ತು. "ಅಪ್ಪ. ನಾನಾ?"

ಮೂರು ಸಲ ಕೇಳಿದ ಮೇಲೆ ನಮ್ಮಲ್ಲಿ ತಪ್ಪಿಸಿಕೊಳ್ಳಲು ದಾರಿಯಿಲ್ಲ.

"ಹೂಂ," ಎಂದ ಅಪ್ಪ. ಅಷ್ಟೇ.

ಡೇಲ್ ಉಳಿಯನ್ನು ಪಕ್ಕದ ಸಂದಿಗೆ ಇಳಿಸಿದ, ತಳ ಮುಟ್ಟುವವರೆಗೂ ಒತ್ತಿದ. ಆಮೇಲೆ ನನ್ನ ಕಡೆ ತಿರುಗದೆ, "ದೀಪ ಆರಿಸಕ್ಕ," ಎಂದ.

ಆರಿಸಿದೆ. ಕಿಟಕಿಯನ್ನು ಹಿಮ ಅರ್ಧ ಮುಚ್ಚಿತ್ತು, ಮಧ್ಯಾಹ್ನವಾದರೂ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಮೇಜಿನ ಅಂಚಿನಿಂದ ನೀರು ನೆಲಕ್ಕೆ ಬೀಳುವ ಸದ್ದು ಮಾತ್ರ. ತೊಟ್ಟು. ತೊಟ್ಟು. ಮರ ಕುಡಿಯುತ್ತಿತ್ತು. ಕುಡಿದು ಊದುತ್ತಿತ್ತು. ಹದಿನೆಂಟು ಪಟ್ಟಿಗಳು ಒಂದನ್ನೊಂದು ಒತ್ತಿ ಹಿಡಿಯುತ್ತಿದ್ದವು. ತೊಟ್ಟಿಗೂ ತೊಟ್ಟಿಗೂ ನಡುವೆ ಮೊದಲು ಒಂದು ಉಸಿರು, ಆಮೇಲೆ ಎರಡು, ಆಮೇಲೆ ಆರು. ನನಗೆ ಎಣಿಕೆ ತಪ್ಪಿತು. ಮೇಲೆ ಮಕ್ಕಳು ಓಡಾಡುವ ಸದ್ದೂ ನಿಂತ ಹಾಗಿತ್ತು.

ಕೊನೆಯ ತೊಟ್ಟು ಬಿದ್ದದ್ದು ಕೇಳಿಸಿತು. ಅದು ಕೊನೆಯದೆಂದು ನಮಗೆ ಆಗ ಗೊತ್ತಿರಲಿಲ್ಲ, ಮುಂದಿನದಕ್ಕೆ ಕಾಯುತ್ತ ನಿಂತಿದ್ದೆವು. ಅದು ಬರಲಿಲ್ಲ.

ಕತ್ತಲಲ್ಲಿ ಡೇಲ್‌ನ ಅಂಗೈ ಬಕೆಟ್ಟಿನ ಸುತ್ತ ಸವರುವ ಸದ್ದು. "ಒದ್ದೆ ಇದೆ, ಸೋರ್ತಿಲ್ಲ," ಎಂದ. ಆಮೇಲೆ ಕೇಳಿದ, "ಹಂಗಾದ್ರೆ ಲಾರಿ ಖಾಲಿ ಹೋಗಬೇಕಾ?"

"ಕರೆಂಟಿನ ಗರಗಸ ಒಯ್ಯಿ," ಎಂದ ಅಪ್ಪ. "ಅದು ಬರೀ ಕೂಗುತ್ತೆ, ಹಲ್ಲು ಎಲ್ಲಿದೆ ಅಂತ ಹೇಳಲ್ಲ. ಅದರ ಜೊತೆ ನನಗಾಗಲ್ಲ."

"ನನ್ನ ಪ್ಲಾಸ್ಟಿಕ್ ಬೀರೂನೂ ಒಯ್ಯೋ," ಎಂದೆ. "ಅಕ್ಷರ ದೊಡ್ಡದಾಗಿದೆ, ನಿನಗೆ ಓದೋಕೆ ಬರುತ್ತೆ."

ಡೇಲ್ ನಗಲಿಲ್ಲ. ಅವನು ಕತ್ತಲಲ್ಲಿ ಮೆಟ್ಟಿಲಿನವರೆಗೆ ಹಿಂದೆ ನಡೆದದ್ದು, ಅಲ್ಲಿಂದ ತಿರುಗಿ ಎಣಿಸುತ್ತ ಬಂದದ್ದು ಕೇಳಿಸಿತು. ಒಂದು, ಎರಡು, ಮೂರು ಹೆಜ್ಜೆ. ಬಟ್ಟೆ ಸರಿದ ಸದ್ದು, ಕೈ ಮೇಲೆತ್ತಿದ್ದಾನೆ. ತಲೆಯ ಮೇಲೆ ಗಾಜಿಗೆ ಬೆರಳ ಗಂಟು ತಾಗಿತು, ಟಿಣ್.

"ಇದು ಮೊದಲ್ನೇದು," ಎಂದ ಅಪ್ಪ. "ಇನ್ನೂ ಮುಂದೆ ಹೋಗು."